ಮಾಣಿಯ ಸಿಲಬಸ್ಸು

ಹೋದ ವರ್ಷ ಮಳೆಗಾಲದ ಒಂದು ರಾತ್ರಿ, ಹನ್ನೊಂದೂ ಮುಕ್ಕಾಲಿಗೆ ನನ್ನ ಫೋನು ಬಡಕೊಳ್ತು. ಆ ಹೊತ್ತಿಗೆ ನನಗೆ ಫೋನ್ ಬಂತು ಅಂದ್ರೆ ಎರಡೇ ಕಾರಣ. ಒಂದೋ ಪ್ರೊಡಕ್ಷನ್ ಸರ್ವರ್ ಮಲಗಿದೆ, ಇಲ್ಲಾಂದ್ರೆ ಊರಲ್ಲಿ ಯಾರಿಗೋ ಹುಷಾರಿಲ್ಲ. ನೋಡಿದರೆ ಎರಡೂ ಅಲ್ಲ, ಚಿಕ್ಕಮ್ಮನ ಮಗ.

"ಅಣ್ಣ, ನಾ ವಾಪಸ್ ಬತ್ತೆ. ನನ್ನತ್ರ ಆತಿಲ್ಲೆ" ಅಂದ. ದನಿ ಒಡೆದಿತ್ತು.

ಇವನು ಹೋಟೆಲ್ ಮ್ಯಾನೇಜ್‌ಮೆಂಟ್ ಎರಡನೇ ವರ್ಷ. ಮೂರು ವರ್ಷದ ಡಿಗ್ರಿಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕ್ಲಾಸು ಇರೋದಿಲ್ಲ. ಮಕ್ಕಳನ್ನು ದೊಡ್ಡ ಹೋಟೆಲಿಗೆ ಕಳಿಸ್ತಾರೆ. ಇಂಡಸ್ಟ್ರಿಯಲ್ ಟ್ರೈನಿಂಗ್ ಅಂತ ಅದರ ಹೆಸರು, ಮಕ್ಕಳ ಬಾಯಲ್ಲಿ ಬರೀ 'ಐಟಿ'. ನಾನು ಐಟಿಯಲ್ಲಿದ್ದೇನೆ ಅಂದರೆ ಅವನು ನಗ್ತಿದ್ದ, "ನಿಂದು ಎಂತ ಐಟಿ, ನಮ್ಮದು ನಿಜವಾದ ಐಟಿ" ಅಂತ. ಆವತ್ತು ನಗುವ ಸ್ಥಿತಿಯಲ್ಲಿ ಇರಲಿಲ್ಲ. ದೂರದ ಊರಿನ ಒಂದು ಸ್ಟಾರ್ ಹೋಟೆಲಿನಲ್ಲಿ ಅವನಿಗೆ ಅದು ಐದನೇ ವಾರ. ಮೊದಲ ಮೂರು ವಾರ ಈರುಳ್ಳಿ ಸುಲಿದದ್ದು. ಆಮೇಲೆ ಹತ್ತು ದಿನ ಪಾತ್ರೆ ತೊಳೆಯುವ ಜಾಗದಲ್ಲಿ. ದಿನಕ್ಕೆ ಹನ್ನೆರಡು ಗಂಟೆ ನಿಂತುಕೊಂಡೇ ಕೆಲಸ.

"ಅಮ್ಮ ಚಿನ್ನ ಅಡ ಇಟ್ಟು ಫೀಸ್ ಕಟ್ಟಿದ್ದು ನಾನು ಈರುಳ್ಳಿ ಸುಲಿಲಿಕ್ಕಾ ಅಣ್ಣ? ಇದನ್ನೇ ಮಾಡುದಾದ್ರೆ ಡಿಗ್ರಿ ಎಂತಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಬೆಳಿಗ್ಗೆ ಮಾತಾಡ್ವ, ಈಗ ಮಲಗು" ಅಂದೆ. ಬೆಳಿಗ್ಗೆ ಎದ್ದವನೇ ಊರಿಗೆ, ದೊಡ್ಡಪ್ಪನಿಗೆ ಫೋನ್ ಮಾಡಿದೆ. ನಮ್ಮ ಮನೆತನದಲ್ಲಿ ಹೋಟೆಲ್ ವಿಷಯದಲ್ಲಿ ಅವರೇ ಸುಪ್ರೀಂ ಕೋರ್ಟು. ಪೂರ್ತಿ ಕೇಳಿ ದೊಡ್ಡಪ್ಪ ಮೊದಲು ನಕ್ಕರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆ ಏನು ಅಂತ ಕೊನೆಗೆ ಹೇಳ್ತೇನೆ. ಯಾಕಂದ್ರೆ ಆ ಪ್ರಶ್ನೆ ಅರ್ಥ ಆಗಬೇಕಾದರೆ ಸುಮಾರು ನೂರು ವರ್ಷ ಹಿಂದೆ ಹೋಗಬೇಕು.

*

ಒಂದು ಪದದಿಂದ ಶುರು ಮಾಡೋಣ. ಮಾಣಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲೇ ಕೇಳಿ, ಮಾಣಿ ಅಂದರೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು. ಆದರೆ ನಮ್ಮ ಕುಂದಾಪುರ, ಉಡುಪಿ ಕಡೆ ಮಾಣಿ ಅಂದರೆ ಹುಡುಗ, ಅಷ್ಟೇ. ಮುಖ್ಯವಾಗಿ ಬ್ರಾಹ್ಮಣರ ಮನೆಯ ಹುಡುಗ. ಒಂದು ಸೀಮೆಯಲ್ಲಿ 'ಹುಡುಗ' ಅನ್ನೋದಕ್ಕೆ ಇದ್ದ ಪದ ಇಡೀ ಕರ್ನಾಟಕಕ್ಕೆ ಒಂದು ನೌಕರಿಯ ಹೆಸರಾಯಿತು ಅಂದರೆ, ಆ ಸೀಮೆಯಿಂದ ಎಷ್ಟು ಹುಡುಗರು ಮನೆ ಬಿಟ್ಟು ಹೋಗಿರಬೇಕು ಯೋಚನೆ ಮಾಡಿ.

ಯಾಕೆ ಹೋದರು? ಘಟ್ಟ ಮತ್ತು ಸಮುದ್ರದ ನಡುವೆ ಸಿಕ್ಕಿಕೊಂಡ ಚೂರು ನೆಲ. ಮನೆ ತುಂಬ ಮಕ್ಕಳು. 1923ರಲ್ಲಿ ಕರಾವಳಿಗೆ ದೊಡ್ಡ ನೆರೆ ಬಂದು ಇದ್ದ ಬದ್ದ ಗದ್ದೆಯೂ ಹೋಯಿತು. ಅದಾಗಿ ಅರ್ಧ ಶತಮಾನಕ್ಕೆ, 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಉಳುವವನ ಪಾಲಾದಾಗ ಇನ್ನೊಂದಿಷ್ಟು ಮನೆಗಳ ಹುಡುಗರು ಬಸ್ಸು ಹತ್ತಿದರು. ಕೈಯಲ್ಲಿ ದುಡ್ಡಿಲ್ಲ, ಓದಿಲ್ಲ. ಇದ್ದದ್ದು ಒಂದು ವಿದ್ಯೆ. ಮಠ, ದೇವಸ್ಥಾನಗಳಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡಿ, ಎಲೆ ಹಾಕಿ, ಸಾಲಾಗಿ ಬಡಿಸಿ ಗೊತ್ತಿದ್ದ ಊರಿನ ಜನ ಅವರು. ಉಡುಪಿಯ ಕೃಷ್ಣ ಮಠದ ಅಡುಗೆಮನೆಯೇ ಒಂದು ಲೆಕ್ಕದಲ್ಲಿ ಕ್ಯಾಟರಿಂಗ್ ಕಾಲೇಜು.

ಹೀಗೆ ಹೊರಟವರಲ್ಲಿ ಕೆಲವರ ಹೆಸರು ಎಲ್ಲರಿಗೂ ಗೊತ್ತು. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡುಗೆಮನೆಯ ಕೈಕೆಲಸದ ಹುಡುಗನಾಗಿ ಶುರು ಮಾಡಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ಇಟ್ಟ ಸಣ್ಣ ಹೋಟೆಲು ಆಮೇಲೆ ಎಂಟಿಆರ್ ಆಯಿತು. ಚಿಕ್ಕಂದಿನಲ್ಲೇ ಅಡುಗೆಮನೆ ಸೇರಿದ್ದ ಎ. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದರು.

ಇವರಿಗೆಲ್ಲ ಯಾರು ಕಲಿಸಿದರು? ಹೋಟೆಲೇ ಕಲಿಸಿತು. ಅದಕ್ಕೊಂದು ಸಿಲಬಸ್ಸು ಇತ್ತು, ಯಾರೂ ಬರೆದಿಟ್ಟಿರಲಿಲ್ಲ ಅಷ್ಟೆ.

ಮೊದಲ ಮೆಟ್ಟಿಲು ಲೋಟ ತೊಳೆಯೋದು. ಎರಡನೆಯದು ಟೇಬಲ್ ಕ್ಲೀನರ್: ಬಕೆಟು, ಬಟ್ಟೆ ಹಿಡಿದು ಎಂಜಲು ತಟ್ಟೆ ಎತ್ತೋದು. ಅಲ್ಲಿ ಹುಡುಗ ಚುರುಕಾಗಿದ್ದಾನೆ ಅಂತ ಕಂಡರೆ ಸಪ್ಲೈಯರ್. ನಾಲ್ಕು ಟೇಬಲ್ಲಿನ ಆರ್ಡರು ತಲೆಯಲ್ಲೇ ಇಟ್ಟುಕೊಂಡು, ಒಳಗೆ ಹೋಗಿ ಒಂದೇ ಉಸಿರಿಗೆ ಕೂಗಿ, ಗಿರಾಕಿ ಏಳುವ ಹೊತ್ತಿಗೆ ಗಲ್ಲಾದ ಕಡೆ ಮೊತ್ತ ಹೇಳಬೇಕು. ಇನ್ನೊಂದು ದಾರಿ ಅಡುಗೆಮನೆಯ ಒಳಗೆ: ತೆಂಗಿನಕಾಯಿ ತುರಿ, ತರಕಾರಿ ಹೆಚ್ಚು, ಹಿಟ್ಟು ರುಬ್ಬು, ದೋಸೆ ಕಾವಲಿಗೆ ನಿಲ್ಲು. ಕೊನೆಗೆ ಸಾಂಬಾರಿನ ಹುಡಿ ಎಷ್ಟು ಅಂತ ಕೈಯಳತೆ ಗೊತ್ತಿರುವ ದೊಡ್ಡ ಭಟ್ಟರಾಗೋದು. ಎಲ್ಲದರ ಮೇಲೆ ಗಲ್ಲಾಪೆಟ್ಟಿಗೆ. ಗಲ್ಲಾದಲ್ಲಿ ಕೂತವನಿಗೆ ಹಾಲು, ಸೌದೆ, ಅಕ್ಕಿ, ಸಂಬಳ, ಸಾಲ ಎಲ್ಲದರ ಲೆಕ್ಕ ಸಿಗುತ್ತೆ. ಅಲ್ಲಿಂದ ಮುಂದಿನ ಮೆಟ್ಟಿಲು ಅಂದರೆ ಸ್ವಂತ ಹೋಟೆಲು.

ಬಿಇಯಲ್ಲಿ ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ನಮಗೆ 'ಸ್ಟ್ಯಾಕ್' ಅಂದರೇನು ಅಂತ ಹೇಳಿಕೊಡುವಾಗ ಕ್ಯಾಂಟೀನಿನ ತಟ್ಟೆಗಳ ಉದಾಹರಣೆ ಕೊಟ್ಟಿದ್ದರು. ಕೊನೆಗೆ ಇಟ್ಟ ತಟ್ಟೆ ಮೊದಲು ಹೊರಗೆ. 'ಕ್ಯೂ' ಅಂದರೆ ಮೊದಲು ಬಂದದ್ದು ಮೊದಲು ಹೊರಗೆ. ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನು ಜಂಬದಿಂದ ಹೇಳಿದೆ. ಅವರು, "ತಟ್ಟೆ ಹಾಗೆ ಇಟ್ರೆ ಅಡ್ಡಿಲ್ಲ ಮಗ, ಆದ್ರೆ ಬೇಳೆ ಚೀಲ ಹಾಗೆ ಇಟ್ರೆ ಅಡಿಯಲ್ಲಿದ್ದದ್ದಕ್ಕೆ ಹುಳ ಬೀಳ್ತದೆ. ಸ್ಟೋರಿನಲ್ಲಿ ಯಾವತ್ತೂ ಹಳೆದು ಮೊದ್ಲು" ಅಂದರು. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನು ಅವರು ಹದಿನೈದನೇ ವಯಸ್ಸಿಗೆ ಬೈಸಿಕೊಂಡು ಕಲಿತಿದ್ದರು. ಹೋಟೆಲ್ ಕಾಲೇಜಿನ ಪುಸ್ತಕದಲ್ಲೂ ಸ್ಟೋರಿನ ಪಾಠ ಇದೇ.

*

ಇಲ್ಲಿಗೆ ನಿಲ್ಲಿಸಿದರೆ ಇದು ಚಂದದ ಕಥೆ. ಲೋಟ ತೊಳೆದವನು ಮಾಲೀಕನಾದ, ಶ್ರಮಕ್ಕೆ ಫಲ ಸಿಕ್ಕಿತು, ಇತ್ಯಾದಿ. ವಾಟ್ಸಾಪಿನಲ್ಲಿ ಓಡಾಡುವ ಕಥೆ ಅದೇ. ಆದರೆ ನಾವು ಹೇಳೋದು ಗಲ್ಲಾ ತಲುಪಿದವರ ಕಥೆ ಮಾತ್ರ. ಲೋಟ ತೊಳೆಯುತ್ತಲೇ ಉಳಿದವರ ಹೆಸರು ಯಾವ ಬೋರ್ಡಿನ ಮೇಲೂ ಬರಲಿಲ್ಲ.

ದೊಡ್ಡಪ್ಪನದ್ದೇ ಹೇಳ್ತೇನೆ. ಅವರು ಮುಂಬಯಿಗೆ ಹೋದದ್ದು 1972ರಲ್ಲಿ, ಹದಿಮೂರನೇ ವಯಸ್ಸಿಗೆ, ಏಳನೇ ಕ್ಲಾಸು ಮುಗಿಸಿ. ಕೊಂಕಣ ರೈಲು ಬಂದದ್ದು 1998ರಲ್ಲಿ. ಆಗ ಬಸ್ಸೇ ಗತಿ. ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ ದಾಟಿ ಹೋಗುವಾಗ ದಾರಿ ಉದ್ದಕ್ಕೂ ವಾಂತಿಯಂತೆ. ಊರಿನವರೊಬ್ಬರ ಪರಿಚಯದಿಂದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಊಟ, ಅಲ್ಲೇ ಟೇಬಲ್ ಜೋಡಿಸಿ ಮಲಗೋದು, ತಿಂಗಳಿಗೆ ಊರಿಗೆ ಕಳಿಸುವಷ್ಟು ಸಂಬಳ.

ಎರಡು ವರ್ಷ ಲೋಟ ತೊಳೆದ ಮೇಲೆ ದೊಡ್ಡಪ್ಪನಿಗೆ ಒಂದು ವಿಷಯ ಗೊತ್ತಾಯಿತು. ಅವರ ಜೊತೆಗೇ ಬಂದ ಇನ್ನೊಬ್ಬ ಹುಡುಗ ಆರು ತಿಂಗಳಿಗೇ ಒಳಗೆ ಹೋಗಿ ದೋಸೆ ಹಿಟ್ಟಿನ ಹತ್ತಿರ ನಿಂತಿದ್ದ. ಇವರು ಕೇಳಿದ್ದಕ್ಕೆ ಮ್ಯಾನೇಜರು ಬೈಯಲಿಲ್ಲ, ಸಮಾಧಾನವಾಗಿಯೇ ಹೇಳಿದರಂತೆ, "ಅದು ನಿಮ್ಮವರಿಗೆ ಅಲ್ಲ ಮಾರಾಯ" ಅಂತ. ನಾವು ಬ್ರಾಹ್ಮಣರಲ್ಲ. ಆ ಅಡುಗೆಮನೆಯ ಮೆಟ್ಟಿಲು ಹುಟ್ಟಿನಲ್ಲೇ ಮುಚ್ಚಿತ್ತು, ನೋಟೀಸು ಹಚ್ಚಿರಲಿಲ್ಲ ಅಷ್ಟೆ.

ಇದು ಆ ಒಂದು ಹೋಟೆಲಿನ ವಿಷಯ ಮಾತ್ರ ಆಗಿರಲಿಲ್ಲ. ಎಂಟಿಆರ್‌ನ ಹಳೇ ಹೆಸರೇ 'ಬ್ರಾಹ್ಮಣ ಕಾಫಿ ಕ್ಲಬ್' ಅಂತಿತ್ತು. ಆ ಕಾಲಕ್ಕೆ ಊರೂರಲ್ಲೂ ಅಂಥ ಬೋರ್ಡುಗಳಿದ್ದವು. ಗಿರಾಕಿಗೆ ಅದು ಶುಚಿಯ ಗ್ಯಾರಂಟಿ, ಒಳಗೆ ಕೆಲಸ ಕಲಿಯಬೇಕು ಅಂತ ಬಂದ ಬೇರೆ ಜಾತಿಯ ಹುಡುಗನಿಗೆ ಅದು ಬಾಗಿಲಿಗೆ ಹಾಕಿದ ಚಿಲಕ. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯಲ್ಲಿ ಒಂದು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಅನ್ನೋ ಪದ ತೆಗೆಸಲಿಕ್ಕೆ ಪೆರಿಯಾರ್ ಕಡೆಯವರು ಚಳವಳಿಯನ್ನೇ ಮಾಡಬೇಕಾಯಿತು.

ದೊಡ್ಡಪ್ಪ ಆ ಹೋಟೆಲು ಬಿಟ್ಟು ಇನ್ನೊಂದಕ್ಕೆ ಸೇರಿದರು. ಹೊತ್ತಿಗೆ ಸರಿಯಾಗಿ ಅವರ ಕೈಹಿಡಿದದ್ದು ರಾತ್ರಿಶಾಲೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ನೀವು ಕೇಳಿರಬಹುದು. ಕೋಟೆ ಭಾಗದಲ್ಲಿ, ಹಗಲು ಬೇರೆ ಶಾಲೆ ನಡೆಯುವ ಕಟ್ಟಡಗಳಲ್ಲಿ, ಸಂಜೆಯ ಮೇಲೆ ಕನ್ನಡದ ಕ್ಲಾಸುಗಳು. ಹೋಟೆಲಿನ ಹುಡುಗರು, ಆಫೀಸು ಕ್ಯಾಂಟೀನಿನ ಹುಡುಗರು, ಮೀನುಗಾರರ ಮನೆಯ ಹುಡುಗರು ಕೈಯ ಸಾಬೂನಿನ ವಾಸನೆ ಸಮೇತ ಬಂದು ಬೆಂಚಿನ ಮೇಲೆ ಕೂರ್ತಿದ್ದರು. ಊರಿನ ಸಂಘ ಸಂಸ್ಥೆಗಳು ನಡೆಸಿದ ಶಾಲೆಗಳವು. ಹಗಲು ಪ್ರಾಕ್ಟಿಕಲ್, ರಾತ್ರಿ ಥಿಯರಿ. "ಕ್ಲಾಸಿಗೆ ಬಿಡ್ತೀರಾ ಅಂತ ಕೇಳಿಯೇ ಕೆಲ್ಸಕ್ಕೆ ಸೇರ್ತಿದ್ದೆ" ಅಂತಾರೆ ದೊಡ್ಡಪ್ಪ. ಎರಡನೇ ಸಲಕ್ಕೆ ಎಸ್‌ಎಸ್‌ಸಿ ಪಾಸಾದರು. ಆ ಒಂದು ಕಾಗದದ ಮೇಲೆ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಆದರು, ರಿಟೈರ್ ಆಗಿ ಊರಿಗೆ ಬಂದರು. ಹೋಟೆಲು ಕಲಿಸಿದ್ದು ಸುಳ್ಳಲ್ಲ. ಆದರೆ ಅವರನ್ನು ಮೇಲೆ ಹತ್ತಿಸಿದ್ದು ಕಾಗದ.

*

ಇದೇ ಹೊತ್ತಿಗೆ ಲೋಕದ ಇನ್ನೊಂದು ಕಡೆ ಏನಾಗ್ತಿತ್ತು ಅಂತಲೂ ನೋಡಬೇಕು. ತಮ್ಮನ ಕಾಲೇಜಿನ ಪುಸ್ತಕದಲ್ಲಿ ಫ್ರೆಂಚ್ ಸಾಸುಗಳ ಪಟ್ಟಿ ಇದೆ. ಅಡುಗೆಮನೆಯಲ್ಲಿ ಯಾರ ಕೆಳಗೆ ಯಾರು ಅನ್ನೋ ಸೈನ್ಯದ ಥರದ ಪದ್ಧತಿ ಇದೆ. ಇವನ್ನೆಲ್ಲ ಒಪ್ಪವಾಗಿ ಜೋಡಿಸಿದವನು ಆಗಸ್ಟ್ ಎಸ್ಕೋಫಿಯೇ ಅನ್ನುವ ಫ್ರೆಂಚ್ ಬಾಣಸಿಗ. ಅವನ ದೊಡ್ಡ ಪುಸ್ತಕ 1903ರಲ್ಲಿ ಬಂತು. ಇಂದಿಗೂ ಕ್ಲಾಸುಗಳಲ್ಲಿ ಅವನ ಹೆಸರು ಹೇಳದೆ ಪಾಠ ಶುರುವಾಗೋದಿಲ್ಲ. ಈ ಮಹಾಶಯ ಎಲ್ಲಿ ಓದಿದ್ದು ಗೊತ್ತಾ? 1859ರಲ್ಲಿ, ಹದಿಮೂರನೇ ವಯಸ್ಸಿಗೆ, ನೀಸ್ ಪಟ್ಟಣದಲ್ಲಿದ್ದ ಚಿಕ್ಕಪ್ಪನ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ. ಅಷ್ಟೇ ಅವನ ಕಾಲೇಜು.

ಅಮೆರಿಕದ ಎಲ್ಸ್‌ವರ್ತ್ ಸ್ಟಾಟ್ಲರ್ ಕೂಡ ಹಾಗೇ. ಹದಿಮೂರನೇ ವಯಸ್ಸಿಗೆ ವೀಲಿಂಗ್ ಅನ್ನೋ ಊರಿನ ಒಂದು ಹೋಟೆಲಿನಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವ ಹುಡುಗ. ಆಮೇಲೆ ದೊಡ್ಡ ದೊಡ್ಡ ಊರುಗಳಲ್ಲಿ ಸಾಲಾಗಿ ಹೋಟೆಲು ಕಟ್ಟಿದ. 1922ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ವಿದ್ಯೆಗೆ ಡಿಗ್ರಿ ಶುರುವಾದಾಗ ಈ ಸ್ಟಾಟ್ಲರನಿಗೆ ಅದರ ಮೇಲೆ ನಂಬಿಕೆಯೇ ಇರಲಿಲ್ಲ. ಹೋಟೆಲು ಕಲಿಯೋದು ಹೋಟೆಲಿನಲ್ಲಿ, ಕಪ್ಪುಹಲಗೆಯ ಮುಂದೆ ಅಲ್ಲ ಅನ್ನೋದು ಅವನ ಲೆಕ್ಕ. ಆದರೆ ಅಲ್ಲಿನ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ತಾವೇ ಒಂದು ಹೋಟೆಲು ನಡೆಸಿ ತೋರಿಸುವ ಪದ್ಧತಿ ಶುರು ಮಾಡಿದರು. ಅದಕ್ಕೆ ಅತಿಥಿಯಾಗಿ ಹೋಗಿ, ಹುಡುಗರ ಕೆಲಸ ಕಣ್ಣಾರೆ ನೋಡಿದ ಮೇಲೆ ಸ್ಟಾಟ್ಲರ್ ಮನಸ್ಸು ಬದಲಿಸಿದ. ಅವನು 1928ರಲ್ಲಿ ತೀರಿಕೊಂಡ. ಅವನ ಹೆಸರಿನ ಫೌಂಡೇಶನ್ನಿನ ದುಡ್ಡಿನಿಂದಲೇ ಆ ಕಾಲೇಜಿಗೆ ದೊಡ್ಡ ಕಟ್ಟಡ ಬಂತು.

ಕಾರ್ನೆಲ್‌ಗಿಂತ ಮೊದಲು, 1893ರಲ್ಲೇ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಜಾಕ್ ಚೂಮಿ ಅನ್ನೋ ಹೋಟೆಲಿಗ ಒಂದು ಶಾಲೆ ತೆರೆದಿದ್ದ. ಹೋಟೆಲ್ ವಿದ್ಯೆಗೇ ಅಂತ ಇರುವ ಶಾಲೆಗಳಲ್ಲಿ ಅದೇ ಹಳೆಯದು. ಅದೂ ಎಲ್ಲಿ? ಒಂದು ಹೋಟೆಲಿನ ಕೋಣೆಗಳಲ್ಲೇ. ಅಂದರೆ ಹೋಟೆಲ್ ಕಾಲೇಜನ್ನು ಕಟ್ಟಿದವರು ಓದಿದ ಪಂಡಿತರು ಮಾತ್ರ ಅಲ್ಲ, ಹೋಟೆಲಿನ ಒಳಗಿಂದ ಬಂದವರೇ. ತಾವು ವರ್ಷಗಟ್ಟಲೆ ಬೈಸಿಕೊಂಡು ಕಲಿತದ್ದನ್ನು ಇನ್ನೊಬ್ಬರಿಗೆ ಬೇಗ, ಕ್ರಮವಾಗಿ ಕಲಿಸಬಹುದು ಅಂತ ಅವರಿಗೆ ಹೊಳೆದಿತ್ತು.

ನಮ್ಮಲ್ಲಿ ಈ ಕೆಲಸ ಶುರುವಾದದ್ದು ಸ್ವಲ್ಪ ಬೇರೆ ದಾರಿಯಲ್ಲಿ. ಅದರ ಹಿಂದೆ ಇದ್ದದ್ದು ಐಷಾರಾಮಿ ಹೋಟೆಲಲ್ಲ, ಹಸಿವು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದಲ್ಲಿ ಅಕ್ಕಿ, ಗೋಧಿಗೆ ಬರ. ರೇಷನ್ನು. ಆಗ ಲೀಲಾವತಿ ಮುನ್ಶಿ ಅನ್ನೋ ಗುಜರಾತಿ ಲೇಖಕಿ ಅಖಿಲ ಭಾರತ ಮಹಿಳಾ ಕೇಂದ್ರೀಯ ಆಹಾರ ಮಂಡಳಿಯನ್ನು ಮುನ್ನಡೆಸ್ತಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ಅವರ ಗಂಡ ಕೆ.ಎಂ. ಮುನ್ಶಿ ಕೇಂದ್ರದಲ್ಲಿ ಆಹಾರ ಮಂತ್ರಿಯಾಗಿದ್ದರು. ಅಕ್ಕಿ, ಗೋಧಿ ಕಡಿಮೆ ಬಳಸಿ ಪುಷ್ಟಿಯಾದ ಊಟ ಹೇಗೆ ಮಾಡೋದು ಅಂತ ತೋರಿಸಲಿಕ್ಕೆ ಈ ಮಹಿಳೆಯರು 'ಅನ್ನಪೂರ್ಣ' ಹೆಸರಿನ ಉಪಾಹಾರ ಗೃಹಗಳನ್ನು ನಡೆಸಿದರು. ಉಪಾಹಾರ ಗೃಹ ಇಟ್ಟ ಮೇಲೆ ಕೆಲಸ ಗೊತ್ತಿರುವವರು ಬೇಕಲ್ಲ? 1954ರಲ್ಲಿ ಅದೇ ಮಂಡಳಿ ಮುಂಬಯಿಯಲ್ಲಿ ದೇಶದ ಮೊದಲ ಕ್ಯಾಟರಿಂಗ್ ಕಾಲೇಜು ತೆರೆಯಿತು. ಇವತ್ತು ದಾದರ್‌ನಲ್ಲಿರುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯೇ ಅದು. ಅದರ ಪೂರ್ತಿ ಹೆಸರಿನಲ್ಲಿ 'ಅಪ್ಲೈಡ್ ನ್ಯೂಟ್ರಿಷನ್' ಅಂತ ಈಗಲೂ ಇದೆ. ಪೌಷ್ಟಿಕತೆ ಅನ್ನೋ ಪದ ಹೋಟೆಲ್ ಕಾಲೇಜಿನ ಬೋರ್ಡಿನಲ್ಲಿ ಯಾಕಿದೆ ಅಂತ ಯಾವ ವಿದ್ಯಾರ್ಥಿಯಾದರೂ ತಲೆ ಕೆರೆದುಕೊಂಡಿದ್ದರೆ, ಉತ್ತರ ಆ ಬರಗಾಲದಲ್ಲಿದೆ.

ಅದೇ ಅಕ್ಕಿಯ ಕೊರತೆ ಇದಕ್ಕೂ ಮೊದಲು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎಂಟಿಆರ್ ಅಡುಗೆಮನೆಗೆ ರವೆ ಇಡ್ಲಿ ಕಲಿಸಿತ್ತು. ಒಂದು ಕಡೆ ಬರ ಹೊಸ ತಿಂಡಿ ಮಾಡಿಸಿತು, ಇನ್ನೊಂದು ಕಡೆ ಕಾಲೇಜು ಕಟ್ಟಿಸಿತು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ, ಶಿಸ್ತು ನೋಡಿ ಬಂದರು. ಬಂದವರೇ ತಟ್ಟೆ ಲೋಟಗಳನ್ನು ಬಿಸಿ ಆವಿಯಲ್ಲಿ ತೊಳೆಸುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಬಹುದು ಅಂತ ಮಾಡಿದರು. ಕಾಲೇಜು ಮೆಟ್ಟಿಲು ಹತ್ತದವರು ತಮಗೆ ತಾವೇ ಒಂದು ಸ್ಟಡಿ ಟೂರ್ ಹಾಕಿಕೊಂಡಿದ್ದರು ಅಂತ ಇಟ್ಟುಕೊಳ್ಳಿ.

ಲೀಲಾವತಿ ಮುನ್ಶಿಯವರ ಕಾಲೇಜಿನಿಂದ ಇನ್ನೊಂದು ಬದಲಾವಣೆ ಆಯಿತು, ಅದನ್ನು ನಾವು ಅಷ್ಟಾಗಿ ಗಮನಿಸೋದಿಲ್ಲ. ಮಾಣಿಗಳ ಶಾಲೆಯಲ್ಲಿ ಹುಡುಗಿಯರಿಗೆ ಜಾಗವೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಜೀವಮಾನವಿಡೀ ಅಡುಗೆ ಮಾಡಿದ್ದು ಹೆಂಗಸರು, ಹೋಟೆಲಿನ ಒಲೆ ಮುಂದೆ ಮಾತ್ರ ಗಂಡಸರು. ಆದರೆ ಕಾಲೇಜು ಕಟ್ಟಿದ್ದೇ ಹೆಂಗಸರು. ಕಾರ್ನೆಲ್‌ನ ಹೋಟೆಲ್ ಕೋರ್ಸು ಕೂಡ ಮೊದಲು ಹುಟ್ಟಿದ್ದು ಅಲ್ಲಿನ ಗೃಹವಿಜ್ಞಾನ ವಿಭಾಗದಲ್ಲಿ. ತಮ್ಮನ ಕ್ಲಾಸಿನಲ್ಲಿ ಈಗ ಹುಡುಗಿಯರಿದ್ದಾರೆ, ಎಲ್ಲಾ ಜಾತಿಯವರೂ ಇದ್ದಾರೆ. ಒಲೆಯ ಮುಂದೆ ನಿಲ್ಲಲಿಕ್ಕೆ "ನಿಮ್ಮವರಿಗೆ ಅಲ್ಲ" ಅಂತ ಅಲ್ಲಿ ಯಾರೂ ಹೇಳೋ ಹಾಗಿಲ್ಲ.

ಆಮೇಲಿನದ್ದು ವೇಗವಾಗಿ ನಡೆಯಿತು. ದಿಲ್ಲಿ, ಮದರಾಸು, ಕಲ್ಕತ್ತಾಗಳಲ್ಲೂ ಸಂಸ್ಥೆಗಳು ಬಂದವು. ಮೊದಲು ಇವೆಲ್ಲ ಸರ್ಕಾರದ ಆಹಾರ ಇಲಾಖೆಯ ಕೆಳಗಿದ್ದವು. 1982ರಲ್ಲಿ ಈ ಜವಾಬ್ದಾರಿ ಪ್ರವಾಸೋದ್ಯಮದ ಕಡೆಗೆ ಹೋಯಿತು. ಅದೇ ವರ್ಷ ಇವಕ್ಕೆಲ್ಲ ಒಂದೇ ಪಠ್ಯ, ಒಂದೇ ಪರೀಕ್ಷೆ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿಯೂ ಬಂತು. ದಿಲ್ಲಿಯಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷವೂ ಅದೇ, ಅದಕ್ಕೋಸ್ಕರ ಅಲ್ಲಿ ಸಾಲು ಸಾಲು ದೊಡ್ಡ ಹೋಟೆಲು ಎದ್ದಿದ್ದವು. ಹಸಿದವನಿಗೆ ಊಟ ಅನ್ನೋದರಿಂದ ಶುರುವಾದ ವಿದ್ಯೆ ಅತಿಥಿಗೆ ಆತಿಥ್ಯ ಅನ್ನೋ ಕಡೆ ತಿರುಗಿತು.

1980ರ ದಶಕ ಮುಗಿಯುವ ಮೊದಲು ಮಣಿಪಾಲದಲ್ಲೂ ಹೋಟೆಲ್ ವಿದ್ಯೆಯ ಕಾಲೇಜು ಬಂತು. ಮಣಿಪಾಲ ಇರೋದು ಉಡುಪಿಯ ಪಕ್ಕದ ಗುಡ್ಡದ ಮೇಲೆ. ಯಾವ ನೆಲದಿಂದ ಹುಡುಗರು ಕೆಲಸ ಕಲಿಯಲಿಕ್ಕೆ ಹೊರಗೆ ಓಡಿಹೋಗಿದ್ದರೋ ಅದೇ ನೆಲಕ್ಕೆ ದೇಶದ ಬೇರೆ ಮೂಲೆಗಳಿಂದ ಹುಡುಗ ಹುಡುಗಿಯರು ಫೀಸು ಕಟ್ಟಿ ಬರೋ ಹಾಗಾಯಿತು. ಅಮೃತಸರದಿಂದ ಬಂದು ಅಲ್ಲಿ ಓದಿದ ವಿಕಾಸ್ ಖನ್ನಾ ಇವತ್ತು ಲೋಕಪ್ರಸಿದ್ಧ ಬಾಣಸಿಗ. 2018ರಲ್ಲಿ ಅದೇ ಕಾಲೇಜಿನಲ್ಲಿ ಮಡಕೆಯ ಆಕಾರದ ಕಟ್ಟಡ ಕಟ್ಟಿ, ದೇಶದ ಹಳೇ ಅಡುಗೆ ಪಾತ್ರೆಗಳ ಮ್ಯೂಸಿಯಂ ಮಾಡಿದ್ದಾರೆ. ನೋಡುವಂಥದ್ದು. ದೊಡ್ಡಪ್ಪನನ್ನು ಒಮ್ಮೆ ಕರಕೊಂಡು ಹೋಗಿದ್ದೆ. ಒಂದು ದೊಡ್ಡ ಕಂಚಿನ ಪಾತ್ರೆಯ ಮುಂದೆ ನಿಂತು, "ಇದನ್ನ ಹುಣಸೆಹುಳಿ ಹಾಕಿ ತಿಕ್ಕಿದವ್ನಿಗೆ ಭುಜ ಬಿದ್ದೋಗ್ತದೆ ಗೊತ್ತಿತ್ತಾ" ಅಂದರು.

*

ಈಗ ತಮ್ಮನ ಪ್ರಶ್ನೆಗೆ ಬರೋಣ. ಈರುಳ್ಳಿ ಅದೇ, ಪಾತ್ರೆ ಅದೇ, ಹನ್ನೆರಡು ಗಂಟೆ ನಿಲ್ಲೋದೂ ಅದೇ. ಹಾಗಾದರೆ ಡಿಗ್ರಿ ಯಾಕೆ?

ಮೊದಲನೆಯದು, ಅವನ ಈರುಳ್ಳಿಗೆ ಕೊನೆಯ ದಿನಾಂಕ ಇದೆ. ಅಡುಗೆಮನೆಯಲ್ಲಿ ಇಷ್ಟು ವಾರ, ಬಡಿಸುವ ವಿಭಾಗದಲ್ಲಿ ಇಷ್ಟು, ರೂಮು ನೋಡಿಕೊಳ್ಳುವ ಹೌಸ್‌ಕೀಪಿಂಗ್‌ನಲ್ಲಿ ಇಷ್ಟು, ಸ್ವಾಗತದ ಮೇಜಿನಲ್ಲಿ ಇಷ್ಟು ಅಂತ ನಾಲ್ಕು ವಿಭಾಗಕ್ಕೂ ಸರದಿ ಇದೆ. ದೊಡ್ಡಪ್ಪನ ಲೋಟಕ್ಕೆ ಕೊನೆಯ ದಿನ ಇರಲಿಲ್ಲ. ನಾಳೆ ಮೇಲೆ ಹತ್ತಬಹುದು, ಹತ್ತು ವರ್ಷವಾದರೂ ಹತ್ತದೇ ಇರಬಹುದು. ಎಲ್ಲ ಮ್ಯಾನೇಜರನ ಕಣ್ಣು, ಹುಟ್ಟಿದ ಜಾತಿ, ಅದೃಷ್ಟ.

ಎರಡನೆಯದು, ವಯಸ್ಸು. ಎಸ್ಕೋಫಿಯೇ ಹದಿಮೂರು, ಸ್ಟಾಟ್ಲರ್ ಹದಿಮೂರು, ದೊಡ್ಡಪ್ಪ ಹದಿಮೂರು. ಕೇಳಲಿಕ್ಕೆ ಸ್ಫೂರ್ತಿದಾಯಕ ಅನ್ನಿಸಬಹುದು, ಆದರೆ ಹದಿಮೂರು ಅಂದರೆ ಮಗು. ನಮ್ಮ ದೇಶದಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದು ಅಂತ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟು ತಡವಾಗಿ. ಮಾಣಿಗಳ ಆ ಹಳೇ ಶಾಲೆ ಮುಚ್ಚಿದ್ದು ಒಳ್ಳೆಯದೇ ಆಯಿತು, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಫೀಸು ಕಟ್ಟಲಾಗದ ಹುಡುಗ ಎಲ್ಲಿ ಕಲೀಬೇಕು ಅನ್ನೋ ಪ್ರಶ್ನೆ ಉಳಿದೇ ಇದೆ. 2009ರ ಹೊತ್ತಿಗೆ ಪ್ರವಾಸೋದ್ಯಮ ಸಚಿವಾಲಯ 'ಹುನರ್ ಸೇ ರೋಜ್‌ಗಾರ್ ತಕ್' ಅಂತ ಒಂದು ಯೋಜನೆ ತಂತು. ಎಂಟನೇ ಕ್ಲಾಸು ಓದಿದ, ವಯಸ್ಸಿಗೆ ಬಂದ ಹುಡುಗ ಹುಡುಗಿಯರಿಗೆ ಅಡುಗೆ, ಬಡಿಸುವ ಕೆಲಸದಲ್ಲಿ ಕೆಲವು ವಾರಗಳ ಉಚಿತ ತರಬೇತಿ. ದೊಡ್ಡಪ್ಪನಂಥವರ ಮೊಮ್ಮಕ್ಕಳಿಗೆ ಬೇಕಾದದ್ದು ಇಂಥದ್ದು.

ಮೂರನೆಯದೇ ಕಷ್ಟದ್ದು. ಟ್ರೈನಿಂಗ್ ಅಂತ ಕರೆಸಿಕೊಂಡ ಹೋಟೆಲು ಕಲಿಸದೇ ಬರೀ ಕೈ ಬಳಸಿಕೊಂಡರೆ? ಆಗ ಅದು ಹಳೇ ಹೋಟೆಲಿಗಿಂತ ಕಡೆ. ದೊಡ್ಡಪ್ಪನಿಗೆ ತಿಂಗಳ ಕೊನೆಗೆ ಸಂಬಳ ಸಿಗ್ತಿತ್ತು, ಇವನು ಅಮ್ಮನ ಚಿನ್ನ ಅಡವಿಟ್ಟು ಬಂದಿದ್ದಾನೆ.

ಆವತ್ತು ಬೆಳಿಗ್ಗೆ ದೊಡ್ಡಪ್ಪ ಕೇಳಿದ ಪ್ರಶ್ನೆ ಇದೇ. "ಈರುಳ್ಳಿ ಸುಲಿದ್ರೆ ಎಂತ ಆಯ್ತು? ಅದಲ್ಲ ವಿಷ್ಯ. ಅವ್ನಿಗೆ ಅಲ್ಲಿ ಯಾರಾದ್ರೂ ಎಂತಾದ್ರೂ ಹೇಳಿಕೊಡ್ತಿದ್ರಾ? ಅದನ್ನ ಕೇಳು."

ಕೇಳಿದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಮೊದಲ ವಾರ ಒಬ್ಬ ಹಿರಿಯ ಬಾಣಸಿಗರು ಚಾಕು ಹಿಡಿಯೋದು ಹೇಗೆ, ಬೆರಳು ಮಡಚೋದು ಹೇಗೆ ಅಂತ ತೋರಿಸಿದ್ದರು. ಮೂರು ವಾರದಲ್ಲಿ ಅವನ ಕೈ ನಿಜಕ್ಕೂ ಕೂತಿತ್ತು. ಆದರೆ ಪಾತ್ರೆ ತೊಳೆಯುವ ಹತ್ತು ದಿನದಲ್ಲಿ ಯಾರೂ ಏನೂ ಹೇಳಿಕೊಟ್ಟಿಲ್ಲ. ಒಬ್ಬ ಕೆಲಸದವರು ರಜೆ ಹಾಕಿದ್ದರು, ಆ ಜಾಗಕ್ಕೆ ಇವನನ್ನು ನಿಲ್ಲಿಸಿ ಮರೆತಿದ್ದರು.

"ಹಾಗಾದ್ರೆ ಈರುಳ್ಳಿಗೆ ಅಳ್ಬೇಡ, ಪಾತ್ರೆದು ಕೇಳು" ಅಂತ ದೊಡ್ಡಪ್ಪನ ತೀರ್ಪು.

ಪ್ರತಿ ದಿನ ಏನು ಕಲಿತೆ ಅಂತ ಬರೆದು ಸಹಿ ಹಾಕಿಸಿಕೊಳ್ಳುವ ಲಾಗ್ ಬುಕ್ಕು ಟ್ರೈನಿಂಗ್ ಮಕ್ಕಳಿಗೆ ಕೊಟ್ಟಿರ್ತಾರೆ. ತಮ್ಮ ಅದನ್ನು ತಗೊಂಡು ಹೋಟೆಲಿನ ಟ್ರೈನಿಂಗ್ ಮ್ಯಾನೇಜರ್ ಹತ್ತಿರ ಹೋದ. ಜಗಳ ಆಡಲಿಲ್ಲ. ಖಾಲಿ ಬಿಟ್ಟ ಹತ್ತು ಪುಟ ತೋರಿಸಿ, "ಮೇಡಂ, ಇಲ್ಲಿ ಏನು ಬರೀಲಿ?" ಅಂತ ಮಾತ್ರ ಕೇಳಿದನಂತೆ. ಅವರು ಪುಟ ತಿರುಗಿಸಿ ನೋಡಿ, ಯಾರಿಗೋ ಫೋನ್ ಮಾಡಿದರು. ಮರುದಿನದಿಂದ ಬೆಳಗಿನ ತಿಂಡಿಯ ವಿಭಾಗ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಿತ್ತು, ಅದಕ್ಕೂ ಗೊಣಗಿದ. ಆದರೆ ವಾಪಸ್ ಬರೋ ಮಾತು ಆಮೇಲೆ ಆಡಲಿಲ್ಲ. ಪೂರ್ತಿ ಮುಗಿಸಿ ದೀಪಾವಳಿಗೆ ಊರಿಗೆ ಬಂದ.

ಹಬ್ಬದ ಮಾರನೇ ದಿನ ದೊಡ್ಡಪ್ಪನ ಮನೆ ಜಗಲಿಯಲ್ಲಿ ಕೂತಿದ್ದೆವು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಆ ಲಾಗ್ ಬುಕ್ಕನ್ನು ಪೇಪರು ಓದಿದ ಹಾಗೆ ಒಂದೊಂದೇ ಪುಟ ಓದ್ತಿದ್ದರು. ಇಂಗ್ಲಿಷಿನಲ್ಲಿತ್ತು. ರಾತ್ರಿಶಾಲೆಯ ಇಂಗ್ಲಿಷು, ನಿಧಾನ. ಆಮ್ಲೆಟ್ಟಿನ ಪುಟದಲ್ಲಿ ಒಂದು ತಪ್ಪೂ ಹುಡುಕಿದರು. ಕೊನೆಗೆ ಪುಟದ ಕೆಳಗೆ ಬೆರಳಿಟ್ಟು ಕೇಳಿದರು.

"ಇದೆಂತ ಗೀಚಿದ್ದು, ದಿನಾ ಇದ್ದೇ ಇತ್ತಲ್ಲ?"

"ಅದು ಸಹಿ ದೊಡ್ಡಪ್ಪ. ಆವತ್ತಿನ ಕೆಲಸ ನೋಡಿ ಚೆಫ್ ಹಾಕುದು."

"ಹೌದಾ" ಅಂದರು. ಇನ್ನೆರಡು ಪುಟ ತಿರುಗಿಸಿದರು. "ನಾನು ಏಳು ವರ್ಷ ಹೋಟೆಲಿನಲ್ಲಿ ಮಾಡಿದೆ ಮಾರಾಯ. ಒಂದು ದಿನದ್ದಕ್ಕೂ ಯಾರೂ ಸಹಿ ಹಾಕ್ಲಿಲ್ಲ."

ಪುಸ್ತಕ ಮುಚ್ಚಿ ತಮ್ಮನ ಕೈಗೆ ಕೊಟ್ಟು, "ಜಾಗ್ರತೆ ಇಟ್ಕೊ" ಅಂತ ಹೇಳಿ, ಕಾಫಿಗೆ ನೀರಿಡಲಿಕ್ಕೆ ಒಳಗೆ ಹೋದರು.